ಕಂಪ್ಯೂಟರಿನ ಬೆವರು ಆರಿಸಿದ್ದು

ಎಸೆನ್‌ಕುಲ್ ಕುದುರೆ ಸಾಕುವವರ ಮನೆಯಲ್ಲಿ ಹುಟ್ಟಿದ್ದೇ ಆ ದಿನದ ಎಲ್ಲ ರಗಳೆಗೂ ಮೂಲ. ಓಡಿ ಬಂದ ಕುದುರೆಯನ್ನು ಕೂಡಲೇ ತಿರುಗಿಸಿ ಓಡಿಸಬಾರದು, ಜೀನು ಇಳಿಸಿ ಗೂಟಕ್ಕೆ ಕಟ್ಟಬೇಕು, ಬೆವರು ಆರುವವರೆಗೆ ನೀರನ್ನೂ ತೋರಿಸಬಾರದು ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಅಪ್ಪ ಹೇಳಿದ್ದು ಕುದುರೆಯ ವಿಷಯ. ಎಸೆನ್‌ಕುಲ್ ಅದನ್ನು ಅಕ್-ಬುಲಾಕ್ ಊರಿನ ಸಂಸ್ಕೃತಿ ಭವನದ ಕಂಪ್ಯೂಟರಿಗೂ ಅನ್ವಯಿಸಿಬಿಟ್ಟಿದ್ದ.

ದಿನದ ಕೆಲಸ ಮುಗಿದ ಮೇಲೆ ಅವನು ಶಟ್‌ಡೌನ್ ಒತ್ತಿ, ಪರದೆ ಕಪ್ಪಾಗುವವರೆಗೆ ಎದುರಿಗೇ ನಿಂತಿದ್ದು, ಹೂವಿನ ಕಸೂತಿಯ ಬಟ್ಟೆ ಹೊದಿಸಿ, ಬೆನ್ನು ತಟ್ಟಿ ಮನೆಗೆ ಹೋಗುತ್ತಿದ್ದ. ಪಕ್ಕದಲ್ಲೇ ಇದ್ದ ರೀಸ್ಟಾರ್ಟ್ ಎಂಬುದನ್ನು ಎಂದೂ ಮುಟ್ಟಿದವನಲ್ಲ. ಏದುಸಿರು ಬಿಡುತ್ತಿರುವ ಪ್ರಾಣಿಯನ್ನು ನಿಂತಲ್ಲೇ ತಿರುಗಿಸಿ ಚಾಟಿ ಬೀಸುವುದು ಕಟುಕರ ಕೆಲಸ ಎಂದು ಅವನ ವಾದ. ಯಾರೂ ಎದುರು ಹೇಳುತ್ತಿರಲಿಲ್ಲ. ಊರಿನಲ್ಲಿ ಎಲ್ಲರ ಮನೆಯಲ್ಲೂ ಕುದುರೆ ಇತ್ತು.

ಅಂದು ಸಂಜೆ ಭವನದ ನಿರ್ದೇಶಕ ಕುಬಾನಿಚ್ ಬಾಯ್ಕೆಯ ಬೀಳ್ಕೊಡುಗೆ. ಊರಿನವರಿಗೆಲ್ಲ ಅವರು ಬಾಯ್ಕೆ, ಅಂದರೆ ಅಣ್ಣ. ಮಂಡಿ ನೋವು, ಗಂಟಲೂ ಬಿದ್ದುಹೋಯಿತು, ಇನ್ನು ಮನೆಯಲ್ಲಿ ಸೇಬಿನ ಗಿಡ ನೋಡಿಕೊಂಡು ಇರುತ್ತೇನೆ ಎಂದು ಅವರು ಬೇಸಿಗೆಯಿಂದಲೂ ಹೇಳುತ್ತ ಬಂದಿದ್ದರು. ಉಪನಿರ್ದೇಶಕ ಎಸೆನ್‌ಕುಲ್ ಪ್ರತಿ ಸಲವೂ ಮುಖ ಸಣ್ಣದು ಮಾಡಿಕೊಂಡು, ನೀವು ಹೋದರೆ ನಮಗೆ ಯಾರು ದಿಕ್ಕು ಎನ್ನುತ್ತಿದ್ದ. ಹೊರಗೆ ಬಂದು ಆ ಮುಖವನ್ನು ಮತ್ತೆ ಅಗಲ ಮಾಡಿಕೊಳ್ಳುತ್ತಿದ್ದ. 'ಉಪ' ಎಂಬುದು ಅವನ ಹೆಸರಿಗೆ ಎಷ್ಟು ಕಾಲದಿಂದ ಅಂಟಿಕೊಂಡಿತ್ತೆಂದರೆ, ಹೆಂಡತಿ ಬುರುಲ್ ಕೋಪ ಬಂದಾಗ ಅವನನ್ನು 'ಉಪಯಜಮಾನರೇ' ಎಂದು ಕರೆಯುತ್ತಿದ್ದಳು. ನಿರ್ದೇಶಕರಿಗೆ ಕೈಯಿರುವ ದೊಡ್ಡ ಮರದ ಕುರ್ಚಿ. ಅವನಿಗೆ ಬಾಗಿಲ ಪಕ್ಕ ಒಂದು ಕಾಲು ಅಲ್ಲಾಡುವ ಸ್ಟೂಲು.

ಜಿಲ್ಲಾ ಸಂಸ್ಕೃತಿ ಇಲಾಖೆಯ ಮುಖ್ಯಸ್ಥೆ ಶಾಯಿರ್‌ಗುಲ್ ಎಜೆ, ಅಂದರೆ ಅಕ್ಕ, ಅವನನ್ನು ಮೂಲೆಗೆ ಕರೆದು ಹೇಳಿದ್ದಳು. "ಬೀಳ್ಕೊಡುಗೆಗೆ ಒಂದು ಚಿತ್ರ ಮಾಡು. ಅವರ ಇಡೀ ಬದುಕು ಬರ್ಬೇಕು. ಜನ ಅಳ್ಬೇಕು. ಸಂಜೆ ಚೆನ್ನಾಗಿ ನಡೆದ್ರೆ ಮಾರನೇ ದಿನದಿಂದ ಆ ಕುರ್ಚಿ ನಿಂದು."

ಎಸೆನ್‌ಕುಲ್ ಮನೆಮನೆಗೂ ಹೋಗಿ ಹಳೆಯ ಫೋಟೋ, ಹಳೆಯ ಟೇಪು ಬೇಡಿ ತಂದು ಚಿತ್ರ ಮಾಡಿದ. ಮಾಡುವಾಗ ತಾನೇ ಎರಡು ಸಲ ಅತ್ತ. ಇತ್ತ ಬುರುಲ್, ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ, ಗಂಡನ ಹೊಸ ಕುರ್ಚಿಗೆ ಒಂದು ಉಣ್ಣೆಯ ಮೆತ್ತೆ ಹೊಲಿದಳು. ಕೆಂಪು ಕಪ್ಪು ಬಣ್ಣದಲ್ಲಿ ಟಗರಿನ ಕೊಂಬಿನ ಚಿತ್ತಾರ. ಕುರ್ಚಿಯ ಅಳತೆಯನ್ನು ಎಸೆನ್‌ಕುಲ್ ಯಾರೂ ಇಲ್ಲದ ಹೊತ್ತಿನಲ್ಲಿ ಗೇಣು ಹಾಕಿ ತಂದಿದ್ದ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು, ನಿರ್ದೇಶಕರ ಕುರ್ಚಿಯ ಮೇಲೆ ಮೆತ್ತೆ ಹಾಕಿ ಒಂದು ಸಲ ಕೂತ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ಸಂತೋಷದಲ್ಲಿ ಮೆತ್ತೆಯನ್ನು ಅಲ್ಲೇ ಮರೆತು, ಚಿತ್ರವನ್ನು ಕೊನೆಯ ಸಲ ನೋಡಿಬಿಡೋಣವೆಂದು ಸಭಾಂಗಣಕ್ಕೆ ಹೋದ.

ಚಿತ್ರ ಬಂತು. ದನಿ ಬರಲಿಲ್ಲ.

ಪರದೆಯ ಮೇಲೆ ತರುಣ ಕುಬಾನಿಚ್ ಗುಡ್ಡದ ಹುಲ್ಲುಗಾವಲಿನಲ್ಲಿ ನಿಂತು, ಬುಟ್ಟಿಗೆ ಬಿದ್ದ ಮೀನಿನಂತೆ ಬಾಯಿ ತೆರೆದು ಮುಚ್ಚುತ್ತಿದ್ದ. ಅವನ ಹಿಂದೆ ಭವನದ ಇಡೀ ಹಾಡುವ ಮೇಳ ಹಾಗೇ ಬಾಯಿ ತೆರೆದು ಮುಚ್ಚುತ್ತಿತ್ತು. ಎಸೆನ್‌ಕುಲ್ ತಂತಿಗಳನ್ನೆಲ್ಲ ಎಳೆದು ನೋಡಿದ, ಸ್ಪೀಕರಿನ ಕಿವಿ ಹಿಂಡಿದ. ಮೌನ. ಆಮೇಲೆ ಅವನಿಗೆ ಗೊತ್ತಿದ್ದ ಒಂದೇ ಮದ್ದು ಮಾಡಿದ. ಶಟ್‌ಡೌನ್ ಒತ್ತಿ, ಬಟ್ಟೆ ಹೊದಿಸಿ, ಬೆವರು ಆರಲಿ ಎಂದು ಚಹಾ ಕುಡಿಯಲು ಕೂತ.

ಒಲೆಯ ಪಕ್ಕದಲ್ಲಿ ಜೂಮಾಬಾಯ್ ಅತಾ ಆಗಲೇ ಕೂತಾಗಿತ್ತು. ಊರಿನ ಹಿರಿಯಜ್ಜ. ಸಂಜೆ ಬಾತಾ, ಅಂದರೆ ಹರಸುವ ಮಾತು, ಹೇಳಬೇಕಾದವನು ಅವನೇ. ಆದರೆ ಮನೆಯಲ್ಲಿ ಸೊಸೆ ಸುಣ್ಣ ಬಳಿಸುತ್ತಿದ್ದಳೆಂದು ಬೆಳಿಗ್ಗೆಯೇ ಬಂದು ಒಲೆ ಹಿಡಿದಿದ್ದ.

"ಎಷ್ಟು ಹೊತ್ತು ಆರಿಸ್ತೀಯಾ?" ಎಂದು ಕೇಳಿದ.

"ಒಂದು ಬಟ್ಟಲು ಚಹಾ ಅತಾ."

"ಸಾಲದು. ಎರಡು ಕುಡಿ. ನನಗೂ ಒಂದು ಬಗ್ಗಿಸು."

ಎರಡು ಬಟ್ಟಲಾದ ಮೇಲೆ ತೆರೆದರೂ ದನಿ ಇಲ್ಲ. ಮತ್ತೆ ಮುಚ್ಚಿದ, ಮತ್ತೆ ಚಹಾ. ನಾಲ್ಕನೆಯ ಬಟ್ಟಲಿನ ಹೊತ್ತಿಗೆ ಬೆವರು ಎಸೆನ್‌ಕುಲ್‌ನ ಹಣೆಯಲ್ಲಿತ್ತು.

ಅಷ್ಟರಲ್ಲಿ ಭವನಕ್ಕೆ ಬಂದವರ ಕೋಟು ಟೋಪಿ ಕಾಯುವ ಸಯ್ರಾ ಎಜೆ ಬಂದಳು. ಊರಿನವರೆಲ್ಲ ಕೋಟು ಕೊಡುವಾಗ ಜೊತೆಗೆ ಒಂದು ಸುದ್ದಿ ಕೊಟ್ಟು ಹೋಗುತ್ತಿದ್ದುದರಿಂದ ಅವಳಿಗೆ ತಿಳಿಯದ ವಿಷಯವಿರಲಿಲ್ಲ. ಪರದೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಮೂಕ ಮೇಳವನ್ನು ನೋಡಿ, ತೀರ್ಪು ಕೊಟ್ಟಳು.

"ದೃಷ್ಟಿ ಬಿದ್ದಿದೆ. ಬಜಾರಲ್ಲಿ ನಿಂತು ನೀನೇ ಕೊಚ್ಕೊಂಡ್ಯಲ್ಲ, ಇಂಥ ಚಿತ್ರ ಬಿಷ್ಕೆಕಲ್ಲೂ ಯಾರೂ ಮಾಡಿಲ್ಲ ಅಂತ."

ಬೇಡವೆನ್ನಲು ಎಸೆನ್‌ಕುಲ್ ಬಾಯಿ ತೆರೆಯುವುದರೊಳಗೆ ಅವಳು ಬಾಣಲೆಯಲ್ಲಿ ಕೆಂಡ ತುಂಬಿ, ಆರ್ಚಾ ಮರದ ಒಣ ರೆಂಬೆಗಳನ್ನು ಹಾಕಿ ತಂದಾಗಿತ್ತು. "ಅಲಾಸ್, ಅಲಾಸ್, ಎಲ್ಲ ಪೀಡೆಯೂ ತೊಲಗಲಿ" ಎನ್ನುತ್ತ ಕಂಪ್ಯೂಟರಿನ ಸುತ್ತ ಬಾಣಲೆ ಸುತ್ತಿಸಿದಳು. ರೆಂಬೆ ಪೂರ್ತಿ ಒಣಗಿರಲಿಲ್ಲ. ಹೊಗೆ ಎಂದರೆ ಹೊಗೆ. ಮೊದಲು ಕಂಪ್ಯೂಟರ್ ಕಾಣದಾಯಿತು, ಆಮೇಲೆ ಸಯ್ರಾ ಎಜೆ ಕಾಣದಾದಳು, ಅವಳ ದನಿ ಮಾತ್ರ ಹೊಗೆಯೊಳಗಿಂದ ಪೀಡೆಯನ್ನು ಓಡಿಸುತ್ತಿತ್ತು. ಪಕ್ಕದ ಕೋಣೆಯಲ್ಲಿ ಹಾಡು ಕಲಿಯುತ್ತಿದ್ದ ಹೆಂಗಸರು ಕೆಮ್ಮುತ್ತ ಬೀದಿಗೆ ಓಡಿದರು.

ಬೀದಿಯ ಆಚೆಗೇ ಅಗ್ನಿಶಾಮಕ ಠಾಣೆ. ಬೇಸಿಗೆಯಿಂದ ಊರಿನಲ್ಲಿ ಒಂದು ಹುಲ್ಲಿನ ಬಣವೆಗೂ ಬೆಂಕಿ ಬೀಳದೆ ಅವರು ಚದುರಂಗ ಆಡಿ ಆಡಿ ಬೇಸತ್ತಿದ್ದರು. ಕಿಟಕಿಯಿಂದ ಹೊಗೆ ಬರುವುದನ್ನು ಕಂಡು ಮದುವೆ ದಿಬ್ಬಣದಷ್ಟು ಉತ್ಸಾಹದಿಂದ ಗಂಟೆ ಬಾರಿಸಿಕೊಂಡು, ಕೊಳವೆ ಹಿಡಿದು ನುಗ್ಗಿದರು. ಅವರ ಮುಖ್ಯಸ್ಥ ಬೋಲೋತ್, ಎಸೆನ್‌ಕುಲ್‌ನ ಜೊತೆ ಓದಿದವನು.

"ಎಲ್ಲಿ ಬೆಂಕಿ?"

"ಬೆಂಕಿ ಇಲ್ಲ ಮಾರಾಯ. ಕಂಪ್ಯೂಟರಿಗೆ ದನಿ ಇಲ್ಲ."

ಬೋಲೋತ್‌ಗೆ ನಿರಾಸೆಯಾಯಿತು. ಆದರೆ ಬಂದವರು ಚಹಾ ಕುಡಿಯದೆ ಹೋಗುವಂತಿಲ್ಲ. ಕುಡಿದವರು ಸುಮ್ಮನೆ ಕೂರುವಂತಿಲ್ಲ. ಒಬ್ಬ ಕಂಪ್ಯೂಟರಿನ ನೆತ್ತಿಗೆ ಅಂಗೈಯಿಂದ ಎರಡು ಏಟು ಕೊಟ್ಟ. ಇನ್ನೊಬ್ಬ ತಿರುಪು ಕಳಚಿ ಮೇಲಿನ ತಗಡು ಬಿಚ್ಚಿ ಊದಿದ. ಒಳಗಿನ ಧೂಳೆಲ್ಲ ಬೋಲೋತ್‌ನ ಮುಖಕ್ಕೆ ಬಂದು, ಇಷ್ಟು ಹೊತ್ತಿಗೆ ಅವನು ನಿಜವಾಗಿ ಬೆಂಕಿ ಆರಿಸಿ ಬಂದವನಂತೆ ಕಂಡ. ಎಲ್ಲ ಮುಚ್ಚಿ ತಿರುಪು ಹಾಕಿದ ಮೇಲೆ ಒಂದು ತಿರುಪು ಉಳಿಯಿತು. ಉಳಿದದ್ದು ಒಳ್ಳೆಯದೇ, ಬಾಧೆ ಕೊಡುತ್ತಿದ್ದದ್ದು ಅದೇ ಇರಬೇಕು ಎಂದರು. ತೆರೆದು ನೋಡಿದರೆ ಮೇಳ ಎಂದಿನಂತೆ ಮೂಕವಾಗಿ ಹಾಡುತ್ತಿತ್ತು.

ಗಂಟೆಯ ಸದ್ದು ಕೇಳಿ ಕುಬಾನಿಚ್ ಬಾಯ್ಕೆಯೂ ಕುಂಟುತ್ತ ಬಂದುಬಿಟ್ಟರು. ಚಿತ್ರವನ್ನು ಅವರಿಂದ ಸಂಜೆಯವರೆಗೆ ಮುಚ್ಚಿಡಬೇಕಿತ್ತು. ಎಸೆನ್‌ಕುಲ್ ಪರದೆಯ ಮೇಲೆ ಬೋಲೋತ್‌ನ ಕೋಟನ್ನೇ ಎಸೆದು ಹೊರಗೆ ಓಡಿದ. ಬಾಯ್ಕೆ ಸಭಾಂಗಣಕ್ಕೆ ಬಂದಿರಲಿಲ್ಲ. ತಮ್ಮ ಕೋಣೆಯಲ್ಲಿ ನಿಂತಿದ್ದರು. ಕೈಯಲ್ಲಿ ಮೆತ್ತೆ.

"ಇದು ಯಾರದಪ್ಪಾ ಎಸೆನ್‌ಕುಲ್?"

ಎಸೆನ್‌ಕುಲ್‌ನ ಕಣ್ಣು ಮೆತ್ತೆಯಿಂದ ಕುರ್ಚಿಗೆ ಹೋಗಿ ಬಂತು. "ನಿಮ್ದೇ ಬಾಯ್ಕೆ," ಎಂದ. "ಬುರುಲ್ ನಿಮಗೆ ಅಂತಾನೇ ಹೊಲಿದದ್ದು. ಸೇಬಿನ ಗಿಡದ ಕೆಳಗೆ ಹಾಕ್ಕೊಂಡು ಕೂರೋಕೆ."

ಬಾಯ್ಕೆಯ ಕಣ್ಣು ತುಂಬಿತು. ಅವನನ್ನು ತಬ್ಬಿ, ನಿನ್ನಂಥ ತಮ್ಮ ಯಾರಿಗೂ ಸಿಗುವುದಿಲ್ಲ ಎಂದು, ಮೆತ್ತೆಯನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಟರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಒಂದು ಪಾತ್ರೆ ಬೋರ್ಸೋಕ್ ಎಂಬ ಹಿಟ್ಟಿನ ಉಂಡೆಗಳನ್ನು ಬಿಸಿಯಾಗಿ ಕರಿದು ತಂದ ಬುರುಲ್, ತಾನು ಬೇಸಿಗೆಯಿಡೀ ಸೂಜಿ ಚುಚ್ಚಿಸಿಕೊಂಡು ಹೊಲಿದ ಮೆತ್ತೆ ಬೀದಿಯಲ್ಲಿ ಎದುರಿಗೇ ನಡೆದು ಹೋಗುವುದನ್ನು ಕಂಡಳು. ಬಾಯ್ಕೆ ಬೇರೆ ಅವಳ ತಲೆ ಮುಟ್ಟಿ ಹರಸಿದರು.

ಒಳಗೆ ಬಂದವಳೇ ಗಂಡನನ್ನು ನೋಡಿದಳು. ಮುಖಕ್ಕೆ ಹೊಗೆ ಹಿಡಿದಿತ್ತು, ಕೈಯಲ್ಲಿ ಒಂಟಿ ತಿರುಪು. ಬಯ್ಯಬೇಕೆಂದು ಬಂದವಳಿಗೆ ಮನಸ್ಸಾಗಲಿಲ್ಲ. ಅವನ ಬಾಯಿಗೆ ಒಂದು ಬೋರ್ಸೋಕ್ ಇಟ್ಟು, ರಾಜಧಾನಿ ಬಿಷ್ಕೆಕಿನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ತನ್ನ ತಂಗಿ ಐಜಾದಾಗೆ ಫೋನು ಹಚ್ಚಿದಳು.

"ನಿನ್ನ ಜೆಜ್ದೆ ನನ್ನ ಮೆತ್ತೆ ಕಳೆದಾಯ್ತು. ಕುರ್ಚೀನೂ ಕಳೆಯೋ ಮುಂಚೆ ಏನಾದ್ರೂ ಹೇಳ್ಕೊಡು."

ಎಸೆನ್‌ಕುಲ್ ಬೆಳಿಗ್ಗೆಯಿಂದ ಹೆದರಿದ್ದು ಇದಕ್ಕೇ. ಅಕ್ಕನ ಗಂಡನನ್ನು ಜೆಜ್ದೆ ಎಂದು ಕರೆದು ಗೋಳು ಹುಯ್ದುಕೊಳ್ಳುವುದು ನಾದಿನಿಯರ ಹುಟ್ಟುಹಕ್ಕು. ಐಜಾದಾ ಆ ಹಕ್ಕನ್ನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ.

"ಜೆಜ್ದೆ, ರೀಸ್ಟಾರ್ಟ್ ಮಾಡಿದ್ರಾ?"

"ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದ್ದೀನಿ. ಮುಚ್ಚೋದು, ತೆರೆಯೋದು."

"ಅದು ಶಟ್‌ಡೌನ್. ನಾನು ಕೇಳಿದ್ದು ರೀಸ್ಟಾರ್ಟ್."

"ಎರಡೂ ಒಂದೇ, ತಾಯಿ. ನಾನು ಇನ್ನೂ ಒಂದು ಕೈ ಹೆಚ್ಚೇ ಮಾಡ್ತೀನಿ. ಮಧ್ಯದಲ್ಲಿ ಬೆವರು ಆರೋಕೆ ಬಿಡ್ತೀನಿ."

"ಯಾರ ಬೆವರು?" ಎಂದಳು ಐಜಾದಾ.

ಅವನು ಕುದುರೆಯ ಶಾಸ್ತ್ರವನ್ನೆಲ್ಲ ಹೇಳಿದ. ಅವಳು ನಗು ತಡೆದುಕೊಂಡು, ಇಂಥ ಕಡೆ ಒತ್ತಿ, ಇಂಥ ಕಡೆ ನೋಡಿ ಎಂದು ದಾರಿ ತೋರಿಸಿ, ಕಂಪ್ಯೂಟರ್ ಎಷ್ಟು ಕಾಲದಿಂದ ಎಚ್ಚರವಾಗಿದೆ ಎಂದು ಬರೆದಿರುವ ಜಾಗಕ್ಕೆ ಅವನನ್ನು ಮುಟ್ಟಿಸಿದಳು. ಎಸೆನ್‌ಕುಲ್ ಓದಿದ. ಕಣ್ಣುಜ್ಜಿಕೊಂಡು ಮತ್ತೆ ಓದಿದ. ಬೆರಳು ಮಡಿಸಿ ಎಣಿಸಿದ. ಎಣಿಕೆ ವಸಂತದ ನೊರೂಜ್ ಹಬ್ಬದ ಹಿಂದಿನ ದಿನಕ್ಕೆ ಹೋಗಿ ನಿಂತಿತು. ಈಗ ಶರತ್ಕಾಲ, ಊರಿನಲ್ಲಿ ಆಲೂಗಡ್ಡೆ ಅಗೆದು ಮುಗಿಯುತ್ತಿತ್ತು.

"ಇದು ಸುಳ್ಳು," ಎಂದ ನೋವಿನಿಂದ. "ದಿನಾ ಸಂಜೆ ನಾನೇ ಕೈಯಾರೆ ಮಲಗಿಸಿದ್ದೀನಿ."

"ಮಲಗಿಲ್ಲ ಜೆಜ್ದೆ. ಕಣ್ಣು ಮುಚ್ಕೊಂಡು ನಾಟಕ ಆಡಿದೆ. ನಿಮ್ಮ ಮಗ ಆಟದ ಸಾಮಾನೆಲ್ಲ ದಿಂಬಿನ ಕೆಳಗೆ ಬಚ್ಚಿಟ್ಕೊಂಡು ಮಲಗ್ತಾನಲ್ಲ, ಬೆಳಿಗ್ಗೆ ಎದ್ದ ಕೂಡ್ಲೇ ಬಿಟ್ಟ ಜಾಗದಿಂದಾನೇ ಆಟ ಶುರು ಮಾಡೋಕೆ? ಈಗಿನ ಕಂಪ್ಯೂಟರೂ ಹಾಗೇನೇ. ಶಟ್‌ಡೌನ್ ಅಂದ್ರೆ, ಬೇಗ ಏಳ್ಬೇಕು ಅಂತ ತಲೇಲಿ ಇದ್ದದ್ದನ್ನ ದಿಂಬಿನ ಕೆಳಗೆ ಇಟ್ಕೊಂಡೇ ಕಣ್ಣು ಮುಚ್ಚುತ್ತೆ. ಕಾಯಿಲೆ ಇದ್ರೆ ಅದೂ ಅಲ್ಲೇ ಇರುತ್ತೆ."

"ಮತ್ತೆ ಆ ಇನ್ನೊಂದು?"

"ರೀಸ್ಟಾರ್ಟ್ ಅಂದ್ರೆ ಅಕ್ಕ ಬಂದು ದಿಂಬು ಎತ್ತಿ, ಹಾಸಿಗೆ ಕೊಡವಿ, ಮುಖ ತೊಳೆಸಿ ಹೊಸದಾಗಿ ದಿನ ಶುರು ಮಾಡಿಸಿದ ಹಾಗೆ."

"ಈಗ ನನಗೆ ಅರ್ಥವಾಯ್ತು," ಎಂದಳು ಬುರುಲ್. ಒಲೆಯ ಪಕ್ಕದಿಂದ ಜೂಮಾಬಾಯ್ ಅತಾ ಕಿವಿಗೆ ಕೈ ಹಚ್ಚಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಈ ಮಾತು ಮುಗಿಯುವ ಹೊತ್ತಿಗೆ ಜನ ಬಂದು ಕೂರಲು ಶುರುಮಾಡಿದ್ದರು. ಶಾಯಿರ್‌ಗುಲ್ ಎಜೆ ಮುಂದಿನ ಸಾಲಿನಲ್ಲಿ ಕೂತು, ಎಲ್ಲ ಸರಿಯಿದೆಯೇ ಎಂದು ಹುಬ್ಬಿನಲ್ಲೇ ಕೇಳಿದಳು. ಎಸೆನ್‌ಕುಲ್ ಮೌಸಿನ ಮೇಲೆ ಕೈಯಿಟ್ಟ. ಅಪ್ಪ ಮೇಲಿನಿಂದ ನೋಡುತ್ತಿದ್ದಾನೆ ಎನ್ನಿಸಿತು. ಅಪ್ಪಾ, ಕ್ಷಮಿಸು ಎಂದುಕೊಂಡು, ಕಣ್ಣು ಮುಚ್ಚಿ, ಜೀವಮಾನದಲ್ಲಿ ಮೊದಲ ಸಲ ರೀಸ್ಟಾರ್ಟ್ ಒತ್ತಿದ.

ದೊಡ್ಡ ಪರದೆ ಕಪ್ಪಾಯಿತು. ಚಿಕ್ಕ ಚುಕ್ಕಿಗಳು ಸುತ್ತತೊಡಗಿದವು. ಇಡೀ ಸಭೆ ಚುಕ್ಕಿಗಳನ್ನು ನೋಡುತ್ತ ಕೂತಿತು. ಇದೇ ಚಿತ್ರವಿರಬೇಕೆಂದು ಯಾರೋ ಮುದುಕಿ ಪಕ್ಕದವಳಿಗೆ, ಹುಟ್ಟುವ ಮುಂಚಿನದನ್ನೂ ತೋರಿಸುತ್ತಿದ್ದಾರೆ ಎಂದಳು. ಕೊನೆಗೆ ಸ್ಪೀಕರುಗಳಿಂದ ಟಿಂಗ್ ಎಂದು ಒಂದು ಸಣ್ಣ ರಾಗ ಬಂತು. ಎಸೆನ್‌ಕುಲ್‌ಗೆ ಹೆರಿಗೆ ಕೋಣೆಯ ಹೊರಗೆ ನಿಂತು ಮಗನ ಮೊದಲ ಅಳು ಕೇಳಿದ್ದು ನೆನಪಾಯಿತು. ಅಗ್ನಿಶಾಮಕರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರು ಆ ದಿನ ಮನೆಗೇ ಹೋಗಿರಲಿಲ್ಲ.

ಅಲ್ಲಿಂದ ಮುಂದೆ ಎಸೆನ್‌ಕುಲ್‌ನನ್ನು ಹಿಡಿಯುವವರಿಲ್ಲ. ಬಾಯ್ಕೆ ಬರುವವರೆಗೆ ಸಿಕ್ಕವರಿಗೆಲ್ಲ ಪಾಠ ಹೇಳಿದ. ಅದರಲ್ಲೂ ಜೂಮಾಬಾಯ್ ಅತಾನ ಪಕ್ಕ ಕೂತು, ಹುಟ್ಟಿದಾಗಿನಿಂದ ತನಗೆ ಇದು ಗೊತ್ತಿತ್ತೆಂಬಂತೆ ವಿವರಿಸಿದ. "ತಿಳಿಯದವರು ಮುಚ್ಚಿ ಮನೆಗೆ ಕಳಿಸ್ತಾರೆ ಅತಾ. ಕಾಯಿಲೆ ಹೊಟ್ಟೇಲೇ ಉಳಿಯುತ್ತೆ. ನಿಂತಲ್ಲೇ ಮೊದಲಿಂದ ಶುರು ಮಾಡಿಸಿದ್ರೆ ಬಿದ್ದು ಹೋದ ದನಿ ವಾಪಸ್ ಬರುತ್ತೆ." ಅತಾ ಗಡ್ಡ ನೀವುತ್ತ, ಹೌದಾ, ಹೌದಾ ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

ಚಿತ್ರ ಓಡಿತು. ತರುಣ ಕುಬಾನಿಚ್ ಹುಲ್ಲುಗಾವಲಿನಲ್ಲಿ ಬಾಯಿ ತೆರೆದ. ಈ ಸಲ ಅಲ್ಲಿಂದ ಹಾಡು ಬಂತು. ಬೆಟ್ಟದ ಮೇಲಿನ ಗಾಳಿಯೂ, ದೂರದ ಮರಿಕುದುರೆಯ ಕೆನೆತವೂ ಅದರ ಜೊತೆ ಬಂತು. ಮೇಳದ ಹೆಂಗಸರು ದನಿಗೂಡಿಸಿದರು, ಅಗ್ನಿಶಾಮಕರು ತಾಳ ಹಾಕಿದರು. ಬಾಗಿಲಲ್ಲಿ ಸಯ್ರಾ ಎಜೆ ಅಳುತ್ತ, ನನ್ನ ಹೊಗೆಯ ಗುಣ ಎಂದಳು. ಮುಂದಿನ ಸಾಲಿನಲ್ಲಿ ಕುಬಾನಿಚ್ ಬಾಯ್ಕೆ ಮೊದಲು ತಲೆ ತಗ್ಗಿಸಿದರು. ಆಮೇಲೆ ತುಟಿ ಅಲ್ಲಾಡಿತು. ಕೊನೆಯ ಚರಣಕ್ಕೆ ಮಂಡಿ ಹಿಡಿದುಕೊಂಡು ಎದ್ದು ನಿಂತು, ಬಿದ್ದಿದೆ ಎನ್ನುತ್ತಿದ್ದ ಗಂಟಲಿನಿಂದಲೇ ತಮ್ಮ ಹಳೆಯ ದನಿಯ ಜೊತೆ ಹಾಡಿದರು. ಒಡೆದ ದನಿ, ಆದರೆ ಸ್ಥಾನ ತಪ್ಪಲಿಲ್ಲ. ಸಭೆಯಲ್ಲಿ ಒಣಗಿದ ಕಣ್ಣು ಒಂದೂ ಇರಲಿಲ್ಲ.

ಎಸೆನ್‌ಕುಲ್ ಹಿಂದೆ ಕಂಪ್ಯೂಟರಿನ ಪಕ್ಕ ನಿಂತು ಅಳುತ್ತ ನಗುತ್ತಿದ್ದ. ಶಾಯಿರ್‌ಗುಲ್ ಎಜೆ ತಿರುಗಿ ಅವನತ್ತ ತಲೆಯಾಡಿಸಿದಳು. ಕುರ್ಚಿ ಕೈಗೆ ಬಂದಂತೆಯೇ.

ಬಾಯ್ಕೆಗೆ ಹೊಸ ಚಪಾನ್ ನಿಲುವಂಗಿ ತೊಡಿಸಿ, ಬಿಳಿಯ ಕಲ್ಪಾಕ್ ಟೋಪಿ ಇಟ್ಟರು. ಜೂಮಾಬಾಯ್ ಅತಾ ಕೋಲೂರಿ ವೇದಿಕೆ ಹತ್ತಿ ಅಂಗೈ ಬಿಚ್ಚಿದ. ಇಡೀ ಸಭೆ ಅಂಗೈ ಬಿಚ್ಚಿತು.

"ಮಗಾ ಕುಬಾನಿಚ್," ಎಂದ ಅತಾ. "ಇವತ್ತು ಬೆಳಿಗ್ಗೆಯಿಂದ ಇಲ್ಲೇ ಕೂತು ಒಂದು ವಿದ್ಯೆ ಕಲಿತೆ. ಕಲಿಸಿದವನು ನಮ್ಮ ಎಸೆನ್‌ಕುಲ್. ಬಹಳ ಬುದ್ಧಿವಂತ."

ಜನ ಹಿಂತಿರುಗಿ ನೋಡಿದರು. ಎಸೆನ್‌ಕುಲ್‌ನ ಕಿವಿ ಬೆಚ್ಚಗಾಯಿತು. ಹೆಂಡತಿ ಕೇಳಿಸಿಕೊಂಡಳೇ ಎಂದು ಹುಡುಕುವುದರಲ್ಲಿ ಮುಂದಿನ ಒಂದೆರಡು ಮಾತು ತಪ್ಪಿಹೋಯಿತು.

"...ಮುಚ್ಚಿ ಮನೆಗೆ ಕಳಿಸಿದ್ರೆ ಕಾಯಿಲೆ ಹೊಟ್ಟೇಲೇ ಉಳಿಯುತ್ತೆ ಅಂತ ಅವನೇ ಹೇಳಿದ. ನಿಂತಲ್ಲೇ ಮೊದಲಿಂದ ಶುರು ಮಾಡಿದ್ರೆ ಬಿದ್ದ ದನಿ ವಾಪಸ್ ಬರುತ್ತೆ ಅಂದ. ನಿನ್ನ ದನಿ ವಾಪಸ್ ಬಂದದ್ದನ್ನ ಈಗ ಇಡೀ ಊರು ಕೇಳಿದೆ. ಹಾಗಾಗಿ ನಿನ್ನನ್ನ ಮುಚ್ಚೋ ಬಾತಾ ನಾನು ಕೊಡಲ್ಲ. ಎಸೆನ್‌ಕುಲ್ ಹೇಳಿದ ಹಾಗೆ ಮೊದಲಿಂದ ಶುರು ಮಾಡು. ಇದೇ ಭವನದಲ್ಲಿ, ಇದೇ ಕುರ್ಚೀಲಿ, ಇನ್ನಷ್ಟು ಕಾಲ ಹಾಡಿಸು. ಓಮಿಯಿನ್."

"ಓಮಿಯಿನ್," ಎಂದು ಸಭೆ ಮುಖಕ್ಕೆ ಅಂಗೈ ಸವರಿಕೊಂಡಿತು. ಎಲ್ಲರಿಗಿಂತ ಗಟ್ಟಿಯಾಗಿ, ಎಲ್ಲರಿಗಿಂತ ಒಂದು ಕ್ಷಣ ಮೊದಲೇ ಹೇಳಿದವನು ಎಸೆನ್‌ಕುಲ್. ಅಂಗೈ ಗಲ್ಲದವರೆಗೆ ಇಳಿದಾಗ ಅವನಿಗೆ ಅರ್ಥವಾಯಿತು. ಹಿರಿಯರ ಬಾತಾಗೆ ಒಮ್ಮೆ ಓಮಿಯಿನ್, ಹಾಗೇ ಆಗಲಿ, ಎಂದ ಮೇಲೆ ಖಾನನೂ ಹಿಂದೆ ತೆಗೆದುಕೊಳ್ಳುವಂತಿಲ್ಲ.

ಕುಬಾನಿಚ್ ಬಾಯ್ಕೆ ಕಣ್ಣೊರೆಸಿಕೊಂಡು, ನಿಮ್ಮ ಮಾತು ಮೀರುವುದಿಲ್ಲ ಅತಾ, ನಿವೃತ್ತಿಯ ಅರ್ಜಿ ಹೇಗೂ ಇನ್ನೂ ನನ್ನ ಜೇಬಿನಲ್ಲೇ ಇದೆ ಎಂದರು. ಶಾಯಿರ್‌ಗುಲ್ ಎಜೆ ಎಲ್ಲರ ಜೊತೆ ಚಪ್ಪಾಳೆ ಹೊಡೆದಳು. ಹೋಗುವಾಗ ಎಸೆನ್‌ಕುಲ್‌ನ ಹೆಗಲು ತಟ್ಟಿ, ಎಷ್ಟು ಚೆನ್ನಾಗಿ ಮಾಡಿದೆ ಎಂದರೆ ಹೋಗುವವರೂ ಹೋಗಲಿಲ್ಲ ನೋಡು ಎಂದು ಮೆಚ್ಚಿಕೊಂಡಳು.

ಸಭೆ ಚದುರಿದ ಮೇಲೆ ಬಾಯ್ಕೆ ಅವನನ್ನು ಕೋಣೆಗೆ ಕರೆದರು. ಮನೆಯಿಂದ ತರಿಸಿದ್ದ ಮೆತ್ತೆಯನ್ನು ಕುರ್ಚಿಯ ಮೇಲೆ ಹಾಸಿ, ಕೂತು, ಅತ್ತಿತ್ತ ಸರಿದು ನೋಡಿದರು.

"ಸೇಬಿನ ಗಿಡಕ್ಕೆ ಯಾಕೆ, ಇಲ್ಲೇ ಇರ್ಲಿ. ಅಳತೆ ತೆಗೆದು ಮಾಡಿದ ಹಾಗಿದೆ."

"ಹೌದು ಬಾಯ್ಕೆ," ಎಂದ ಎಸೆನ್‌ಕುಲ್, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತ. ಸ್ಟೂಲು ಎಂದಿನಂತೆ ಎಡಕ್ಕೆ ವಾಲಿತು.

ಮನೆಗೆ ನಡೆಯುವಾಗ ಐಜಾದಾ ಫೋನು ಮಾಡಿದಳು. "ಏನಾಯ್ತು ಜೆಜ್ದೆ, ಸರಿ ಹೋಯ್ತಾ?"

"ಎಲ್ಲಾ ಸರಿ ಹೋಯ್ತು ತಾಯಿ," ಎಂದ. "ಪೂರ್ತಿ ಮೊದಲಿನ ಹಾಗೇ ಆಯ್ತು."

ಬುರುಲ್ ಪಕ್ಕದಲ್ಲಿ ಖಾಲಿ ಪಾತ್ರೆ ಹಿಡಿದು ಬರುತ್ತಿದ್ದಳು. ಅವಳು ಅಳುತ್ತಿದ್ದಾಳೆಂದು ಅವನು ಅಂದುಕೊಂಡ. ಆದರೆ ಸೆರಗಿನಂತೆ ಎಳೆದುಕೊಂಡಿದ್ದ ತಲೆವಸ್ತ್ರದೊಳಗೆ ಅವಳು ನಗುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಬೀದಿಯ ನಡುವೆ ನಿಂತು ನಕ್ಕರು.

"ನಾಳೆ ಹೋದಾಗ," ಎಂದಳು ಕಣ್ಣೊರೆಸಿಕೊಳ್ಳುತ್ತ, "ಆ ಸ್ಟೂಲಿನ ಅಳತೆ ತಗೊಂಡು ಬನ್ನಿ ಉಪಯಜಮಾನರೇ. ಉಣ್ಣೆ ಇನ್ನೂ ಸ್ವಲ್ಪ ಉಳಿದಿದೆ."